ಹಳದಿಯಾಗಬೇಕಿದ್ದ ಸೀರಮ್

ಆ ದಿನ ನನ್ನ ಕೆಲಸ ಶುರುವಾದದ್ದೇ ಹೆರಿಗೆ ವಾರ್ಡಿನ ಸಿಸ್ಟರ್ ಜೊತೆಗಿನ ಜಗಳದಿಂದ. ಬಾದಾಮಿಯಿಂದ ಬೆಳಗಿನ ರೈಲಿಗೆ ಬಂದು, ಬಾಗಲಕೋಟೆಯ ನಮ್ಮ ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲು ದಾಟಿದ್ದೆನಷ್ಟೆ, ಹೆಗಲಿನ ಚೀಲವನ್ನೂ ಕೆಳಗಿಟ್ಟಿರಲಿಲ್ಲ. ನಮ್ಮ ಹಿರಿಯ ಟೆಕ್ನಿಷಿಯನ್ ಒಂದು ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಯಂತ್ರದಲ್ಲಿ ತಿರುಗಿಸಿದ ರಕ್ತದಲ್ಲಿ ಕೆಂಪು ಕಣಗಳು ಕೆಳಗೆ ಕೂತು, ಮೇಲೆ ತಿಳಿಹಳದಿ ನೀರು ನಿಲ್ಲಬೇಕು. ಅದನ್ನೇ ನಾವು ಸೀರಮ್ ಅನ್ನುವುದು. ನಮ್ಮ ಪರೀಕ್ಷೆಗಳಲ್ಲಿ ಬಹುಪಾಲು ನಡೆಯುವುದು ಅದರ ಮೇಲೆಯೇ. ಈ ಟ್ಯೂಬಿನಲ್ಲಿ ಮೇಲಿನ ನೀರೂ ಕೆಂಪಾಗಿತ್ತು.

"ಹಿಮೊಲೈಸ್ ಆಗೇತ್ರಿ ಮೇಡಂ, ಕಣ ಒಡದಾವ. ವಾಪಸ್ ಕಳಸ್ಲೇನ್ರಿ?" ಅಂದರು.

ಇದು ನಮ್ಮಲ್ಲಿ ದಿನಾ ಇದ್ದದ್ದೇ. ಸಣ್ಣ ಸೂಜಿ ಚುಚ್ಚಿ ಜೋರಾಗಿ ಎಳೆದರೆ, ಸಿರಿಂಜಿನಿಂದ ಟ್ಯೂಬಿಗೆ ರಭಸವಾಗಿ ಒತ್ತಿದರೆ, ಟ್ಯೂಬನ್ನು ಅಲುಗಾಡಿಸಿ ತಂದರೆ ಕಣಗಳು ಒಡೆದು ಬಣ್ಣ ಬಿಡುತ್ತವೆ. ಅಂಥ ರಕ್ತ ಕೊಡುವ ಅಂಕಿಗಳನ್ನು ನಂಬುವಂತಿಲ್ಲ. ತಿರಸ್ಕರಿಸಿ, ಹೊಸದಾಗಿ ತರಿಸಿಕೊಳ್ಳಿ ಅನ್ನುವುದು ನಿಯಮ. ನಿಯಮದ ಜೊತೆಗೆ ಎರಡು ಮಾತು ಬೈಯುವುದು ನನ್ನ ರೂಢಿ. ಫೋನೆತ್ತಿ, "ಸಿಸ್ಟರ್, ರಕ್ತ ತಗೀರಿ ಅಂದ್ರ ಹಿಂಡಿ ಕಳಸೀರಲ್ರಿ" ಅಂದೆ.

ಆ ಕಡೆಯಿಂದ ಬೆಂಕಿಯೇ ಬಂತು. "ಇಳಕಲ್ ಲ್ಯಾಬಿನಾಗೂ ಹಿಂಗ ಅಂದು ವಾಪಸ್ ಕೊಟ್ಟಾರ. ಹುನಗುಂದದಾಗೂ ಹಿಂಗ ಅಂದಾರ. ಮೂರೂ ಊರಾಗ ಸೂಜಿ ಹಿಡಿಯಾಕ ಬರೂ ಒಬ್ಬಾಕಿನೂ ಇಲ್ಲೇನ್ರಿ? ನೀವ ಬಂದು ತಗೀರಿ ಮೇಡಂ, ನಾವೂ ನೋಡಿ ಕಲೀತೇವಿ."

ಫೋನಿಟ್ಟವಳೇ ದಪ್ಪ ಸೂಜಿ, ಟ್ಯೂಬುಗಳನ್ನು ಹಿಡಿದು ಮೆಟ್ಟಿಲು ಹತ್ತಿದೆ. ಸಿಟ್ಟಿಗೆ ಹತ್ತಿದ್ದು, ಸೇವೆಗಲ್ಲ. ಪ್ರಯೋಗಾಲಯದ ವೈದ್ಯರು ವಾರ್ಡಿಗೆ ಹೋಗುವುದೇ ಅಪರೂಪ. ಮನುಷ್ಯರನ್ನು ನಾವು ಟ್ಯೂಬಿನ ಮೇಲಿನ ಚೀಟಿಯಿಂದ ಬಲ್ಲೆವು, ಮುಖದಿಂದಲ್ಲ.

ಕಿಟಕಿ ಪಕ್ಕದ ಮಂಚದಲ್ಲಿ ಆ ಹುಡುಗಿ ಮಲಗಿದ್ದಳು. ಹುಡುಗಿಯೇ, ಚೊಚ್ಚಲ ಬಸುರಿ, ಏಳು ತಿಂಗಳು ತುಂಬಿ ಸ್ವಲ್ಪವೇ ಕಳೆದಿತ್ತು. ಮುಖ ಊದಿಕೊಂಡಿತ್ತು. ಮುಂಗೈ ಬಾತು ಕುಬಸದಲ್ಲಿ, ಅಂದರೆ ಸೀಮಂತದಲ್ಲಿ, ತೊಡಿಸಿದ್ದ ಹಸಿರು ಬಳೆಗಳು ಒತ್ತುತ್ತಿದ್ದವೆಂದು ಕತ್ತರಿಸಿ ತೆಗೆದಿದ್ದರು. ಕಾಲ ಬಳಿ ಅವಳ ತಾಯಿ ಕೂತಿದ್ದಳು. ಗರ್ಭನಂಜು. ಬಿಪಿ ಮಿತಿಮೀರಿ, ಮೂತ್ರದಲ್ಲಿ ಪ್ರೋಟೀನು ಹರಿದುಹೋಗಿ, ಹುನಗುಂದ ದಾಟಿದ ಮೇಲೆ ಆಂಬುಲೆನ್ಸಿನಲ್ಲೇ ಫಿಟ್ಸ್ ಬಂದಿತ್ತು. ಈಗ ಮ್ಯಾಗ್ನೀಸಿಯಂ ಸಲೈನು ಇಳಿಯುತ್ತಿತ್ತು, ಫಿಟ್ಸ್ ನಿಂತಿತ್ತು, ಅವಳಿಗೆ ಎಚ್ಚರವಿತ್ತು. ನಾನು ಕೈ ಹಿಡಿದು ನರ ಹುಡುಕುತ್ತಿದ್ದಾಗ ಮುಖವನ್ನು ನನ್ನ ಕಡೆ ಅಲ್ಲ, ಸ್ವಲ್ಪ ಆಚೆಗೆ ತಿರುಗಿಸಿ ಕೇಳಿದಳು:

"ಅಕ್ಕಾರ, ಕರೆಂಟ್ ಇನ್ನೂ ಬಂದಿಲ್ಲೇನ್ರಿ?"

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು, ಅವಳ ಹೊದಿಕೆಯ ಮೇಲೂ ಬಿದ್ದಿತ್ತು. ನಾನು ಸಿಸ್ಟರ್ ಕಡೆ ನೋಡಿದೆ. ಫೋನಿನಲ್ಲಿ ಅಷ್ಟು ಹಾರಾಡಿದ ಹೆಂಗಸು ತಲೆ ತಗ್ಗಿಸಿದಳು. ನನ್ನ ಸಿಟ್ಟು ಇಳಿದುಹೋಯಿತು.

ಸೂಜಿ ಚುಚ್ಚುವಾಗ ತಾಯಿ ತಾನಾಗಿಯೇ ಹೇಳತೊಡಗಿದಳು. ಗಂಡನ ಮನೆ ಶಿರೂರು, ತವರು ಇಳಕಲ್. ಕುಬಸ ಮುಗಿಸಿ ತವರಿಗೆ ಕರೆತಂದಿದ್ದರು. ಇವರದು ಮಗ್ಗದ ಮನೆ. ಇಳಕಲ್ ಸೀರೆಯ ಸೆರಗಿನ ಎಳೆಗಳನ್ನೂ ಒಡಲಿನ ಎಳೆಗಳನ್ನೂ ಒಂದೊಂದಾಗಿ ಕುಣಿಕೆ ಹಾಕಿ ಕೂಡಿಸಬೇಕು. ಅದಕ್ಕೆ ಕೊಂಡಿ ಹಾಕುವುದು ಅನ್ನುತ್ತಾರೆ. ಮನೆಯಲ್ಲಿ ಆ ಕೆಲಸಕ್ಕೆ ಈ ಮಗಳ ಕೈಯೇ ಚುರುಕು.

"ಸುಮ್ನ ಕುಂತು ಬ್ಯಾಸರಾಕ್ಕೈತಿ ಅಂತ ತಾನ ಕೊಂಡಿ ಹಾಕಾಕ ಕುಂತ್ಲರಿ. ಕಣ್ಣ ಮಂಜ ಮಂಜ ಅಂದ್ಲು. ಒಂದ ಎಳಿ ಎರಡ ಕಾಣತಾವ ಅಂದ್ಲು. ಮಗ್ಗದ ಮನ್ಯಾಗ ಇದೇನ ಹೊಸಾದೇನ್ರಿ? ನನಗೂ ಆಕ್ಕಿತ್ತು, ನಮ್ಮವ್ವಗೂ ಆಕ್ಕಿತ್ತು. ನೂಲಿನ ಕಾವು ಅಂತ ನೆತ್ತಿಗಿ ಹರಳೆಣ್ಣಿ ಇಟ್ಟೆ. ಕಾಲ ಬಾತಾಗ ಜೋತ ಬಿಟ್ಟು ಕುಂದರೂದಕ್ಕ ಅಂದೆ. ತಲಿನೋವು ಅಂದಾಗ ಬಾಮ್ ಹಚ್ಚಿದೆ. ಎಲ್ಲಾ ನಾನ ಮಾಡಿದೆ ನೋಡ್ರಿ."

"ಬಿಪಿ ನೋಡಾಕ ಆಶಾ ಕಾರ್ಯಕರ್ತೆ ಬಂದಿದ್ದಿಲ್ಲೇನ್ರಿ?" ಅಂದೆ.

"ಶಿರೂರಾಗ ಬರ್ತಿದ್ಲಂತ್ರಿ. ಇಳಕಲ್ಲಿನಾಕಿಗೆ ಮಗಳು ಬಂದದ್ದ ಗೊತ್ತಿಲ್ಲ."

ಬಯಲುಸೀಮೆಯ ಬಸುರಿಯರೆಲ್ಲ ಹೀಗೆ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ನಡುವೆ ಯಾರ ಲೆಕ್ಕಕ್ಕೂ ಸಿಗದೆ ಜಾರುತ್ತಾರೆ. ತವರಿನ ಆರೈಕೆ ಅನ್ನುವುದು ಎಷ್ಟು ಪ್ರೀತಿಯ ಮಾತೋ ಅಷ್ಟೇ ಅಪಾಯದ ಸಮಯ. ನಾನು ತೋಳಿಗೆ ಪಟ್ಟಿ ಬಿಗಿಯದೆ, ಎಳೆಯದೆ, ರಕ್ತ ತಾನಾಗಿಯೇ ಟ್ಯೂಬಿನ ಗೋಡೆಯಗುಂಟ ಇಳಿಯಲು ಬಿಟ್ಟೆ. ಸಿಸ್ಟರ್ ಬಗ್ಗಿ ನೋಡುತ್ತಿದ್ದಳು.

ಅಷ್ಟರಲ್ಲಿ ಹೆರಿಗೆ ಡಾಕ್ಟರ್ ಬಂದರು. ನನಗಿಂತ ಚಿಕ್ಕವರು, ಮೆಲುದನಿಯ ಹೆಣ್ಣುಮಗಳು. ಹುಡುಗಿಯ ಕಣ್ಣಿಗೆ ಟಾರ್ಚ್ ಹಾಕಿದರು. ಪಾಪೆ ಕಿರಿದಾಯಿತು, ಹುಡುಗಿಗೆ ಮಾತ್ರ ಬೆಳಕು ಕಾಣಲಿಲ್ಲ. ನನ್ನನ್ನು ಬಾಗಿಲಾಚೆ ಕರೆದು, "ಕಣ್ಣು ಚಲೋನ ಅದಾವ್ರಿ ಮೇಡಂ. ಕಂಡದ್ದನ್ನ ತಿಳಕೊಳ್ಳೂ ಮೆದುಳಿನ ಹಿಂಭಾಗಕ್ಕ ಬಾವು ಬಂದೈತಿ. ಸ್ಕ್ಯಾನಿನಾಗ ಕಾಣಿಸ್ತು. ಹೆರಿಗೆ ಆದ ಮ್ಯಾಲೆ ಸಾಮಾನ್ಯವಾಗಿ ದೃಷ್ಟಿ ಹೊಳ್ಳಿ ಬರ್ತೈತಿ" ಅಂದರು. ಕೂಸಿನ ಶ್ವಾಸಕೋಶ ಬಲಿಯಲೆಂದು ಕೊಡುವ ಇಂಜೆಕ್ಷನ್ನಿನ ಮೊದಲ ಡೋಸು ಆಗಷ್ಟೇ ಆಗಿತ್ತು. ಅದು ಹಿಡಿಯಲು ಸಮಯ ಬೇಕು. ರಕ್ತದ ವರದಿ ಚೆನ್ನಾಗಿದ್ದರೆ ನಾಳೆಯವರೆಗೆ ಕಾಯುವುದು, ಇಲ್ಲದಿದ್ದರೆ ಈಗಲೇ ಹೊಟ್ಟೆ ಕೊಯ್ಯುವುದು. "ಕೂಸಿಗೆ ಒಂದು ದಿನ ಸಿಕ್ಕರೂ ಭಾಳ ದೊಡ್ಡದು. ನಿಮ್ಮ ವರದಿ ಮ್ಯಾಲೆ ನಿಂತೈತ್ರಿ" ಅಂದರು.

ಟ್ಯೂಬುಗಳನ್ನು ಆಳಿನ ಕೈಗೆ ಕೊಡದೆ ನಾನೇ ನೆಟ್ಟಗೆ ಹಿಡಿದು ಇಳಿದು ಬಂದೆ. ಈ ಸಲ ಸೀರಮ್ ಹಳದಿಯಾಗಿ ಬಂದೇ ಬರುತ್ತದೆ ಎಂಬ ಖಾತ್ರಿ ನನಗಿತ್ತು. ಸಿಸ್ಟರ್‌ಗೆ ಫೋನಿನಲ್ಲಿ ಏನು ಅನ್ನಬೇಕೆಂಬುದನ್ನೂ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ. ಯಂತ್ರ ನಿಂತ ಮೇಲೆ ಟೆಕ್ನಿಷಿಯನ್ ಮುಚ್ಚಳ ತೆಗೆದು ಟ್ಯೂಬನ್ನು ಬೆಳಕಿಗೆ ಹಿಡಿದರು. ಸೀರಮ್ ಮೊದಲಿಗಿಂತ ಕೆಂಪಾಗಿತ್ತು.

ಸೂಜಿಯ ತಪ್ಪಲ್ಲ. ರಕ್ತ ಅವಳ ಮೈಯೊಳಗೇ, ಹರಿಯುತ್ತಿರುವಾಗಲೇ ಒಡೆಯುತ್ತಿತ್ತು. ಗರ್ಭನಂಜು ಕೆಲವರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಕೆಂಪು ಕಣಗಳು ಒಡೆಯುತ್ತವೆ, ಪಿತ್ತಜನಕಾಂಗ ಸೋಲುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್ಲೆಟ್ಟುಗಳು ಕರಗುತ್ತವೆ. ಪುಸ್ತಕದಲ್ಲಿ ಓದಿದ್ದೇವೆ, ಪರೀಕ್ಷೆಯಲ್ಲಿ ಬರೆದಿದ್ದೇವೆ. ಆದರೂ ಮಗ್ಗದ ಮನೆಯವರು ಕಣ್ಣು ಮಂಜಾದಾಗ ನೂಲನ್ನು ದೂರಿದರು, ಲ್ಯಾಬಿನವರು ಸೀರಮ್ ಕೆಂಪಾದಾಗ ಸೂಜಿಯನ್ನು ದೂರಿದೆವು. ಕಸುಬು ಗೊತ್ತಿಲ್ಲದವರು ಇಂಥ ತಪ್ಪು ಮಾಡುವುದಿಲ್ಲ, ಗೊತ್ತಿದ್ದವರೇ ಮಾಡುತ್ತಾರೆ. ಎರಡು ಊರುಗಳಲ್ಲಿ "ಮತ್ತೊಮ್ಮೆ ಕಳಿಸಿ" ಅನ್ನುವುದರಲ್ಲಿ ಒಂದಿಡೀ ದಿನ ಹೋಗಿತ್ತು.

ಇನ್ನೊಂದು ಟ್ಯೂಬಿನ ರಕ್ತದ ಒಂದು ಹನಿಯನ್ನು ಗಾಜಿನ ಮೇಲೆ ಹರವಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ದುಂಡಗಿರಬೇಕಾದ ಕಣಗಳ ನಡುವೆ ಮುರಿದ ಬಳೆಚೂರಿನಂಥ ತುಂಡುಗಳು. ಪ್ಲೇಟ್ಲೆಟ್ಟುಗಳನ್ನು ಹುಡುಕಬೇಕಾಯಿತು. ಅತ್ತ ಟೆಕ್ನಿಷಿಯನ್, "ಮಷಿನ್ ಪ್ಲೇಟ್ಲೆಟ್ ಲಕ್ಷದ ಮ್ಯಾಲೆ ತೋರಸೇತ್ರಿ, ಅದರಾಗ ಚಲೋ ಅದಾಳ" ಅಂದರು. ಅವರ ದನಿಯಲ್ಲಿ ಸಮಾಧಾನವಿತ್ತು.

ಅಲ್ಲೇ ಇತ್ತು ಮೋಸ. ಯಂತ್ರ ಎಣಿಸುವುದು ಗಾತ್ರ ನೋಡಿ. ಸಣ್ಣದೆಲ್ಲ ಅದಕ್ಕೆ ಪ್ಲೇಟ್ಲೆಟ್ಟೇ. ಒಡೆದ ಕೆಂಪು ಕಣದ ಚೂರುಗಳನ್ನೂ ಅದು ಪ್ಲೇಟ್ಲೆಟ್ಟೆಂದು ಎಣಿಸಿತ್ತು. ನಾನು ಕಣ್ಣಿಂದ ಎಣಿಸಿದೆ, ಟೆಕ್ನಿಷಿಯನ್ನರಿಂದ ಇನ್ನೊಮ್ಮೆ ಎಣಿಕೆ ಮಾಡಿಸಿದೆ. ಯಂತ್ರ ಹೇಳಿದ್ದರ ಅರ್ಧವೂ ಇರಲಿಲ್ಲ. ಆದರೆ ಯಂತ್ರದ ಅಂಕಿ ವಾರ್ಡಿನ ಕಂಪ್ಯೂಟರಿಗೆ ತಾನಾಗಿಯೇ ಹೋಗಿಬಿಡುತ್ತದೆ. ಫೋನು ಮಾಡುವಷ್ಟರಲ್ಲಿ ಹೆರಿಗೆ ಡಾಕ್ಟರೇ ಮಾಡಿದರು.

"ಪ್ಲೇಟ್ಲೆಟ್ ನೋಡಿದೆ ಮೇಡಂ, ಧೈರ್ಯ ಬಂತು. ನಾಳೆತನ ಕಾಯೋಣ್ರಿ."

"ಕಾಯಬ್ಯಾಡ್ರಿ. ಆ ಅಂಕಿ ಸುಳ್ಳು. ಲಿವರಿನ ಪರೀಕ್ಷಾ ಮುಗಿಸಿ ಹೇಳ್ತೇನಿ, ಸ್ವಲ್ಪ ತಡೀರಿ."

ಅಲ್ಲಿಂದ ಒಂದರ ಹಿಂದೆ ಒಂದು ತೊಡಕು. ಕಣ ಒಡೆದಾಗ ಏರುವ ಎಲ್‌ಡಿಎಚ್ ಪರೀಕ್ಷೆಯ ದ್ರಾವಣ ಮುಗಿದಿತ್ತು. ಹೊಸದು ಬರುವುದು ಸಂಜೆಗೆ. ಲಿವರಿನ ಪರೀಕ್ಷೆಗೆ ಹಾಕಿದರೆ ಯಂತ್ರವೇ ಸೀರಮ್ಮಿನ ಬಣ್ಣ ಗುರುತಿಸಿ, ಈ ಮಾದರಿ ಪರೀಕ್ಷೆಗೆ ಯೋಗ್ಯವಲ್ಲ ಎಂದು ನಿಂತುಬಿಟ್ಟಿತು. ತಡೆ ಮೀರಿ ಓಡಿಸಿ ಅಂದೆ.

ಟೆಕ್ನಿಷಿಯನ್ ಕೈ ಹಿಂದೆ ಕಟ್ಟಿದರು. "ನಿಯಮ ಇಲ್ರಿ ಮೇಡಂ."

"ನಿಯಮಕ್ಕ ನಾ ಉತ್ತರ ಕೊಡ್ತೇನಿ. ನೀವು ಹಾಕ್ರಿ."

ಬಂದ ಅಂಕಿಗಳು ಎಷ್ಟು ಏರಿದ್ದವೆಂದರೆ ಬರೀ ಕಣ ಒಡೆದದ್ದರಿಂದ ಅಷ್ಟು ಏರಲು ಸಾಧ್ಯವಿರಲಿಲ್ಲ. ಲಿವರಿಗೂ ಪೆಟ್ಟು ಬಿದ್ದಿತ್ತು. ಯೂರಿಕ್ ಆಮ್ಲ ಏರಿತ್ತು, ಮೂತ್ರಪಿಂಡ ಸುಸ್ತಾಗುತ್ತಿತ್ತು. ಇನ್ನು ಒಂದೇ ಪ್ರಶ್ನೆ ಉಳಿದಿತ್ತು. ತಿರಸ್ಕರಿಸಬೇಕಾದ ಮಾದರಿಯ ಮೇಲೆ, ಅರ್ಧ ಪರೀಕ್ಷೆ ಇಲ್ಲದೆ, ನನ್ನ ಕಣ್ಣನ್ನು ನಂಬಿ ಸಹಿ ಮಾಡಲೇ? ಮಾಡಿದರೆ ಕೂಸಿಗೆ ಸಿಗಬೇಕಿದ್ದ ಒಂದು ದಿನವನ್ನು ನಾನು ಕಸಿದುಕೊಂಡಂತೆ. ಮಾಡದಿದ್ದರೆ ಬಾವು ಬಂದ ಆ ಮೆದುಳಿನಲ್ಲಿ ಯಾವ ಗಳಿಗೆಯಲ್ಲಾದರೂ ರಕ್ತ ಸೋರಬಹುದು, ತಡೆಯಲು ಪ್ಲೇಟ್ಲೆಟ್ ಇಲ್ಲ. ಟ್ಯೂಬನ್ನು ಮತ್ತೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ನನಗೆ ಭಯವಾಗಿತ್ತು. ಆಮೇಲೆ ಕೂತು, ರಕ್ತ ಒಡೆದದ್ದು ದೇಹದೊಳಗೆ, ತೆಗೆಯುವಾಗಲ್ಲ ಎಂದು ಬರೆದು ಸಹಿ ಹಾಕಿದೆ. ಫೋನೆತ್ತಿ, "ಇವತ್ತ ಮಾಡ್ರಿ. ಬೆನ್ನಿಗೆ ಸೂಜಿ ಬ್ಯಾಡ, ಅಲ್ಲಿ ರಕ್ತ ನಿಲ್ಲಂಗಿಲ್ಲ. ಪೂರ್ತಿ ಎಚ್ಚರ ತಪ್ಪಿಸ್ರಿ" ಅಂದೆ.

ಅವಳಿಗೆ ಕೊಡುವ ರಕ್ತ ಹೊಂದಿಸಿ ನೋಡಲು ಇನ್ನೊಂದು ಮಾದರಿ ಬೇಕಾಗಿ ಮತ್ತೆ ಮೇಲೆ ಹೋದೆ. ಅಲ್ಲಿ ಹುಡುಗಿ ಒಪ್ಪುತ್ತಿರಲಿಲ್ಲ. ಗಂಡ ಮಂಚದ ಪಕ್ಕ ನಿಂತಿದ್ದ. ಶಿರೂರಿನಲ್ಲಿ ಟೆಂಪೊ ಓಡಿಸುವವನು, ಸುದ್ದಿ ತಿಳಿದು ಓಡಿ ಬಂದಿದ್ದ. ಡಾಕ್ಟರ್ ಹೇಳುತ್ತಿದ್ದರು, ತಾಯಿ ಅಳುತ್ತಿದ್ದಳು.

"ನನ್ನ ಕಣ್ಣ ಕಾಣೂತನ ತಡೀರಿ" ಅನ್ನುತ್ತಿದ್ದಳು ಹುಡುಗಿ. "ಈಗ ಕೂಸು ಬಂದ್ರ ನಾ ಹ್ಯಾಂಗ ನೋಡ್ಲಿ? ಎಲ್ಲಾರೂ ನೋಡ್ತೀರಿ, ನಾ ಒಬ್ಬಾಕಿ ನೋಡಂಗಿಲ್ಲ."

ರೋಗಿಗಳ ಜೊತೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಆದರೂ ನಾನೇ ಬಾಯಿ ಬಿಟ್ಟೆ. "ಕೂಸು ಹೊರಗ ಬಂದ ಮ್ಯಾಲನ ಕಣ್ಣು ಬರ್ತಾವವ್ವಾ. ತಡದಷ್ಟೂ ತಡಾ ಆಕ್ಕೈತಿ. ನೀ ನೋಡ್ತೀ."

ಆಕೆ ದನಿ ಬಂದ ಕಡೆ ಮುಖ ತಿರುಗಿಸಿದಳು. "ಖರೆ ಹೇಳ್ತೀರಿ?"

"ಖರೆ."

ಹೆಣ್ಣು ಕೂಸು. ಸಣ್ಣಗೆ ಅತ್ತಿತಂತೆ. ಹುಟ್ಟಿದ ಕೂಡಲೇ ನವಜಾತ ಶಿಶುಗಳ ಘಟಕಕ್ಕೆ ಒಯ್ದರು. ಹುಡುಗಿಗೆ ರಕ್ತಸ್ರಾವ ಹೆಚ್ಚೇ ಆಯಿತು. ನಮ್ಮ ರಕ್ತನಿಧಿಯಲ್ಲಿದ್ದ ಪ್ಲೇಟ್ಲೆಟ್ ಚೀಲಗಳೆಲ್ಲ ಅವಳಿಗೇ ಹೋದವು, ಗಂಡನ ಜೊತೆಯ ಟೆಂಪೊ ಹುಡುಗರು ಸಾಲುಗಟ್ಟಿ ರಕ್ತ ಕೊಟ್ಟರು. ಅವಳು ಉಳಿದಳು.

ಆಮೇಲೆ ದಿನಾ ಬೆಳಿಗ್ಗೆ ಅವಳ ರಕ್ತ ನಾನೇ ತೆಗೆದೆ. "ನಮಗ ಕಲಿಸೂದು ಇನ್ನೂ ಮುಗಿದಿಲ್ಲೇನ್ರಿ ಮೇಡಂ?" ಎಂದು ಸಿಸ್ಟರ್ ಕಾಡಿಸುತ್ತಿದ್ದಳು. ಸೀರಮ್ ಮರುದಿನವೂ ಕೆಂಪೇ. ಹೆರಿಗೆಯಾದ ಮೇಲೂ ಇದು ಸ್ವಲ್ಪ ಏರಿಯೇ ಇಳಿಯುವುದೆಂದು ಗೊತ್ತಿದ್ದರೂ ಆ ಟ್ಯೂಬನ್ನು ಎರಡನೇ ಸಲ ತಿರುಗಿಸಿ ನೋಡಿದೆ. ಆಮೇಲೆ ಕೆಂಪು ತಿಳಿಯಾಗುತ್ತ ಬಂತು. ಹುಡುಗಿಗೆ ಮೊದಲು ಕಿಟಕಿ ಬೆಳ್ಳಗೆ ಕಂಡಿತು, ಆಮೇಲೆ ಮನುಷ್ಯರು ನೆರಳಿನಂತೆ. ಎದೆಹಾಲು ಹಿಂಡಿ ಕೊಡುತ್ತಿದ್ದಳು. ಅದನ್ನು ಪುಟ್ಟ ಬಟ್ಟಲಲ್ಲಿ ಮುಚ್ಚಿಕೊಂಡು ಶಿಶು ಘಟಕಕ್ಕೆ ಒಯ್ಯುತ್ತಿದ್ದವಳು ಸಿಸ್ಟರ್. "ಪೂರಾ ಕಾಣೂ ದಿನಾ ಒಯ್ರಿ ನನ್ನ, ಅರ್ಧಾ ಮರ್ಧಾ ನೋಡಂಗಿಲ್ಲ ನಾ" ಅನ್ನುತ್ತಿದ್ದಳಂತೆ ಹುಡುಗಿ. ಕುರ್ಚಿಯ ಮೇಲೆ ಕೂರಿಸಿ ಒಯ್ಯುತ್ತೇವೆ, ಮುಟ್ಟಿಯಾದರೂ ಬಾ ಅಂದರೂ ಕೇಳಲಿಲ್ಲ.

ಕೂಸಿನ ರಕ್ತವೂ ನಮ್ಮಲ್ಲಿಗೇ ಬರುತ್ತಿತ್ತು. ಹಿಮ್ಮಡಿ ಚುಚ್ಚಿ ತೆಗೆದ, ಕಿರುಬೆರಳಿಗಿಂತ ಸಣ್ಣ ಟ್ಯೂಬು. ಅದನ್ನು ನಾನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ. ಸಕ್ಕರೆ ಇಳಿಯುತ್ತಿತ್ತು, ಏರುತ್ತಿತ್ತು. ಉಸಿರಿನ ತೊಂದರೆ, ಅದರ ಮೇಲೆ ಸೋಂಕು. ಬಲಿಯದ ಶ್ವಾಸಕೋಶಕ್ಕೆ ಬೇಕಿದ್ದ ಆ ಒಂದು ದಿನ ಪ್ರತಿ ಅಂಕಿಯ ಹಿಂದೆಯೂ ನಿಂತಿದೆ ಅನ್ನಿಸುತ್ತಿತ್ತು. ನನ್ನ ತೀರ್ಮಾನ ಸರಿಯೆಂದು ಹೆರಿಗೆ ಡಾಕ್ಟರ್ ಹೇಳಿದರು, ಈಗ ಕೇಳಿದರೂ ನಾನು ಅದನ್ನೇ ಬರೆಯುತ್ತೇನೆ. ಆದರೆ ಸರಿಯಾಗಿದ್ದೇನೆ ಅನ್ನುವುದರಿಂದ ನಿದ್ದೆ ಬರುವುದಿಲ್ಲ.

ಒಂದು ಬೆಳಿಗ್ಗೆ ನನ್ನ ರೈಲು ತಡವಾಗಿ, ಹುಡುಗಿಯ ರಕ್ತವನ್ನು ರಾತ್ರಿ ಪಾಳಿಯ ನರ್ಸೇ ತೆಗೆದು ಕಳಿಸಿದ್ದಳು. ಮುಚ್ಚಳ ತೆಗೆದರೆ ಸೀರಮ್ ಹಳದಿ. ತಿಳಿಹಳದಿ. ಟೆಕ್ನಿಷಿಯನ್ ಅದನ್ನು ಬೆಳಕಿಗೆ ಹಿಡಿದು ಮಗುವಿನಂತೆ ನಕ್ಕರು. ಪ್ಲೇಟ್ಲೆಟ್ ಏರಿದ್ದವು, ಲಿವರ್ ಇಳಿಮುಖ. ಅಂದು ಶಿಶು ಘಟಕದಿಂದ ಸಣ್ಣ ಟ್ಯೂಬು ಬಂದಿರಲಿಲ್ಲ. ಕೂಸೂ ಸುಧಾರಿಸಿರಬೇಕು, ಇವತ್ತು ಚುಚ್ಚುವುದು ಬೇಡ ಅಂದಿರಬೇಕು ಎಂದುಕೊಂಡೆ. ಕೈಯಲ್ಲಿನ ಕೆಲಸ ಮುಗಿಸಿ, ಮಧ್ಯಾಹ್ನ ಟ್ಯೂಬನ್ನು ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಸಿಸ್ಟರ್‌ಗೆ ತೋರಿಸಿ ನಗಬೇಕೆಂದಿತ್ತು.

ಸಿಸ್ಟರ್ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಆತು ನಿಂತಿದ್ದಳು. "ಕೂಸು ಹೋತ್ರಿ ಮೇಡಂ, ಬೆಳಗಾಗೂತ್ಲೆ. ಆಕಿ ಗಂಡ ಶಿರೂರಿಗೆ ಒಯ್ದು ಮಣ್ಣ ಮಾಡಿ ಈಗ ಬಂದಾನ. ಆಕಿಗೆ ಹೇಳಬ್ಯಾಡ್ರಿ, ಮೈಯಾಗ ಶಕ್ತಿ ಬರಲಿ ಅಂತ ಅವರವ್ವ ಎಲ್ಲಾರ ಕಡೆ ಆಣಿ ಹಾಕಿಸಿಕೊಂಡಾಳ. ನಾ ಆ ಮಂಚದ ಕಡೆ ಹೋಗವಲ್ಲೆ. ಹಾಲಿನ ಬಟ್ಟಲ ಹಿಡಕೊಂಡು ಕುಂತಾಳ್ರಿ, ನನ್ನ ಕರೀಲಾಕ್ಹತ್ಯಾಳ."

ಹೊಸಬಾಣಂತಿಗೆ ಸತ್ತ ಕೂಸನ್ನು ತೋರಿಸುವುದಿಲ್ಲ, ಸುದ್ದಿಯನ್ನೂ ತಡೆದು ಹೇಳುತ್ತಾರೆ. ನಮ್ಮ ಕಡೆ ಇದು ಕರುಣೆಯೆಂದೇ ನಡೆದು ಬಂದದ್ದು. ವಾಪಸ್ ಇಳಿದುಬಿಡಬಹುದಿತ್ತು. ಆದರೆ ಮಾತು ಕೊಟ್ಟವಳು ನಾನು, ಅವರವ್ವ ಆಣೆ ಹಾಕಿಸಿಕೊಂಡವರಲ್ಲಿ ನಾನಿರಲಿಲ್ಲ. ಒಳಗೆ ಹೋದೆ.

ಹುಡುಗಿ ದಿಂಬಿಗೆ ಒರಗಿ ಕೂತಿದ್ದಳು. ಮುಖದ ಊತ ಇಳಿದಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ನಿಜವಾಗಿ ನೋಡಿದಳು. "ರಕ್ತ ತಗಿಯೂ ಅಕ್ಕಾರು ನೀವ ಹೌದಲ್ರಿ? ದನಿ ಕೇಳಿ ಭಾಳ ದಪ್ಪ ಇರಬೇಕು ಅನಕೊಂಡಿದ್ದೆ" ಎಂದು ನಕ್ಕಳು. "ನಿಮ್ಮ ಕೋಟಿನ ಗುಂಡಿ ಹರದೈತಿ, ಅದೂ ಕಾಣತೈತಿ. ಈಗ ತೋರಸ್ರಿ ನನ್ನ ಕೂಸಿನ್ನ."

ಅವಳ ಹಿಂದೆ ನಿಂತ ತಾಯಿ ನನಗೆ ಕೈ ಮುಗಿದು ಬೇಡ ಬೇಡ ಎಂದು ತಲೆ ಅಲ್ಲಾಡಿಸಿದಳು. ನಾನು ಮಂಚದ ಮೇಲೆ ಕೂತು ಹುಡುಗಿಯ ಕೈ ಹಿಡಿದೆ. "ಇವತ್ತ ಮುಂಜಾನೆ ಹೋತವ್ವಾ" ಅಂದೆ.

ಅವಳು ಬಟ್ಟಲನ್ನು ಅಲುಗದಂತೆ ಪಕ್ಕಕ್ಕಿಟ್ಟಳು. ತಾಯಿ ಅವಳ ತಲೆಯನ್ನು ಎದೆಗೊತ್ತಿಕೊಂಡು ಅತ್ತಳು, ನಾನೂ ಅತ್ತೆ. ಬಹಳ ಹೊತ್ತಿನ ಮೇಲೆ ಹುಡುಗಿ ತಾಯಿಯ ಕೈ ಬಿಡಿಸಿಕೊಂಡು ನನ್ನನ್ನು ಕೇಳಿದಳು, "ಯಾರ್ಹಂಗ ಇತ್ರಿ?"

ಆ ಕೂಸಿನ ಸಕ್ಕರೆ ಎಷ್ಟು, ಪ್ಲೇಟ್ಲೆಟ್ ಎಷ್ಟು, ಯಾವ ದಿನ ಕಾಮಾಲೆ ಏರಿತು ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಮುಖ ನೋಡಿರಲಿಲ್ಲ. ಹುಡುಗಿಯ ತಾಯಿಯನ್ನು ಘಟಕದೊಳಗೆ ಬಿಟ್ಟಿರಲಿಲ್ಲ. ಗಂಡ ಮಾತಾಡುವ ಸ್ಥಿತಿಯಲ್ಲಿರಲಿಲ್ಲ, ತಲೆಗೆ ಟವೆಲ್ ಸುತ್ತಿಕೊಂಡು ಬಾಗಿಲಿಗೆ ಆತು ನಿಂತಿದ್ದ. ನಾನು ಎದ್ದುಹೋಗಿ ಸಿಸ್ಟರ್ ಕೈ ಹಿಡಿದು ಕರೆತಂದೆ. "ನೀವು ದಿನಾ ನೋಡೀರಿ. ಹೇಳ್ರಿ" ಅಂದೆ.

ಸಿಸ್ಟರ್ ಸೆರಗಿನಿಂದ ಮೂಗು ಒರೆಸಿಕೊಂಡು ಹೇಳಿದಳು. ಎಲ್ಲವನ್ನೂ ಹೇಳಿದಳು. "ಬಣ್ಣ ನಿನ್ನಂಗ ಎಣ್ಣಿಗೆಂಪು. ಹಣಿ ಮ್ಯಾಲೆ ಭಾಳ ಕೂದಲ. ಬೆರಳು ಉದ್ದನವು, ಹಾಲು ಹಾಕೂ ಮುಂದ ನನ್ನ ಬೆರಳ ಹಿಡದು ಬಿಡತಿದ್ದಿಲ್ಲ. ಕಿವಿ ಮಾತ್ರ ಥೇಟ್ ಅವರಪ್ಪಂದ ನೋಡವ್ವಾ. ತುದಿ ಹೊರಗ ಬಾಗಿದ್ವು. ನಾವೆಲ್ಲಾ ಅದನ್ನ ನೋಡಿ ನಗತಿದ್ವಿ."

ಹುಡುಗಿ ಬಾಗಿಲ ಕಡೆ ತಿರುಗಿದಳು. "ಇಲ್ಲೆ ಬರ್ರಿ" ಅಂದಳು.

ಗಂಡ ಬಂದು ಮಂಚದ ಅಂಚಿಗೆ ಕೂತ. ತಲೆಗೆ ಸುತ್ತಿದ್ದ ಟವೆಲನ್ನು ಅವಳೇ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು. "ಆ ಕಡೆ ಹೊಳ್ರಿ" ಅಂದಳು. ಅವನು ಮುಖ ಹೊರಳಿಸಿ, ಅಳು ನುಂಗಿ, ಕದಲದೆ ಕೂತ. ಅವಳು ಮುಂದಕ್ಕೆ ಬಾಗಿ ಅವನ ಕಿವಿಯನ್ನು ನೋಡತೊಡಗಿದಳು.